ಬನಹಟ್ಟಿಗೆ ಹಸಿವು ಮರಳಿದ್ದು

ಆ ಕಾಲಕ್ಕೆ ಬನಹಟ್ಟಿಯಲ್ಲಿ ಯಾರಿಗೂ ಹಸಿವಾಗುತ್ತಿರಲಿಲ್ಲ.

ಬನಹಟ್ಟಿಯಲ್ಲಷ್ಟೇ ಅಲ್ಲ, ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಹಾಗೆಯೇ ಆಗಿತ್ತು. ನೀರಿನಲ್ಲಿ, ಉಪ್ಪಿನಲ್ಲಿ, ಗಾಳಿಯಲ್ಲಿ ಬೆರೆತ ಪ್ಲಾಸ್ಟಿಕ್ಕಿನ ಹುಡಿ ಮನುಷ್ಯರ ಹೊಟ್ಟೆ ಸೇರಿ ಎಷ್ಟೋ ವರ್ಷವಾಗಿತ್ತು. ಆದರೆ ಬನಹಟ್ಟಿ ನೇಕಾರರ ಊರು, ತಲೆಮಾರುಗಳಿಂದ ಪಾಲಿಯೆಸ್ಟರ್ ನೂಲಿನ ಸೀರೆ ನೇಯ್ದ ಊರು. ಮಗ್ಗದ ಶೆಡ್ಡುಗಳಲ್ಲಿ ತೇಲಾಡುವ ಕಣ್ಣಿಗೆ ಕಾಣದ ಎಳೆಗಳನ್ನು ಉಸಿರಾಡಿ, ಚಹಾದ ಜೊತೆ ನುಂಗಿ, ಅಲ್ಲಿಯ ಜನರ ಹೊಟ್ಟೆ ಉಳಿದವರಿಗಿಂತ ಮೊದಲೇ ಸುಮ್ಮನಾಗಿಬಿಟ್ಟಿತ್ತು. ಐವತ್ತು ದಾಟದವರಿಗೆ ಹಸಿವು ಎನ್ನುವುದು ಬರೀ ಕೇಳಿ ತಿಳಿದ ಮಾತು. ಎಲ್ಲರೂ ಕೈಗೊಂದು ಊಟದ ಗಡಿಯಾರ ಕಟ್ಟಿಕೊಂಡಿರುತ್ತಿದ್ದರು. ಅದು ಕಿಣಿಕಿಣಿ ಅಂದಾಗ ಅದು ಹೇಳಿದಷ್ಟು ತಿನ್ನುವುದು, ಬಾಯಿ ಒರೆಸಿಕೊಳ್ಳುವುದು, ಎದ್ದು ಹೋಗುವುದು. ಮಾತ್ರೆ ನುಂಗಿದ ಹಾಗೆ.

ಡಾ. ಇಂದುಮತಿ ಸೊನ್ನದ ಊರಿನ ಹೊರಗಿದ್ದ ಉದರ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಊರಿನ ಸೊಸೆಯೂ ಹೌದು. ಅವಳ ಗಂಡ ಮಹಾಂತೇಶ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಮಗ್ಗದ ಶೆಡ್ಡಿನ ಮೇಲಿನ ಕೋಣೆಯಲ್ಲಿ ಹುಟ್ಟಿ ಬೆಳೆದವನು. ಅವನ ಗಡಿಯಾರ ಕೂಗಿದರೂ ಲೆಕ್ಕದ ಗುಂಗಿನಲ್ಲಿ ಕೇಳುತ್ತಿರಲಿಲ್ಲ. ಆ ವರ್ಷ ಎರಡು ಸಲ ಕರಿಹಲಗೆಯ ಮುಂದೆಯೇ ಬವಳಿ ಬಂದು ಬಿದ್ದಿದ್ದ. ನೋಡಲು ಕಡ್ಡಿಯಂತಿದ್ದರೂ ಯಕೃತ್ತಿನ ತುಂಬ ಕೊಬ್ಬು, ರಕ್ತದಲ್ಲಿ ಸಕ್ಕರೆ. ಅದೂ ಆ ಊರಿನಲ್ಲಿ ಹೊಸದೇನಾಗಿರಲಿಲ್ಲ. ದೇಹಕ್ಕೆ ಯಾವಾಗ ಉಣ್ಣಬೇಕು, ಉಂಡದ್ದನ್ನು ಏನು ಮಾಡಬೇಕು ಎನ್ನುವುದೇ ಮರೆತುಹೋಗಿತ್ತು.

ಅತ್ತೆ ದುಂಡವ್ವನಿಗೆ ಎಂಬತ್ತು ದಾಟಿತ್ತು. ದಿನಾ ಬೆಳಿಗ್ಗೆ ಹಟ ಹಿಡಿದು ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಯಾರಿಗೆ ಮಾಡಬೇಕು ಹೇಳು," ಎಂದು ಒಂದು ದಿನ ರೊಟ್ಟಿಬುಟ್ಟಿಯನ್ನು ಇಂದುಮತಿಯ ಮುಂದೆ ನೂಕಿದಳು. "ಮಗ ಅರ್ಧ ರೊಟ್ಟಿ ಮುರದು ಕೈ ತೊಳೀತಾನ. ನೀ ಫೋನ್ ನೋಡ್ಕೊಂತ ನುಂಗತಿ. ಚಲೋ ಆಗೈತಿ ಅನ್ನಾವ್ರಿಲ್ಲ, ಉಪ್ಪಿಲ್ಲ ಅನ್ನಾವ್ರೂ ಇಲ್ಲ."

"ಸ್ವಲ್ಪ ತಡೀರಿ ಅತ್ತೀ. ನಮ್ಮ ಮಜ್ಜಿಗಿ ಏನರ ಮಾಡತೈತೇನೋ ನೋಡೂಣು," ಎಂದಳು ಇಂದುಮತಿ.

ಅವಳ ಮಜ್ಜಿಗೆಯ ಕಥೆ ಹೀಗೆ. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಹಚ್ಚುತ್ತಾರೆ. ಹಳೆಯ ಗಂಜಿ ಸುರಿದ ಗುಂಡಿಯೊಂದು ಊರ ಅಂಚಿನಲ್ಲಿತ್ತು. ಗಂಜಿಯ ಜೊತೆ ನೂಲಿನ ತುಣುಕು, ಹುಡಿ, ಎಲ್ಲ ಅಲ್ಲಿ ವರ್ಷಗಟ್ಟಲೆ ಕೊಳೆತಿದ್ದವು. ಆ ಕೆಸರಿನಲ್ಲಿ ಇಂದುಮತಿಗೆ ಒಂದು ಬ್ಯಾಕ್ಟೀರಿಯ ಸಿಕ್ಕಿತು. ಅದು ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ. ಮೈಯಿಂದ ಅಂಟಂಟಾದ ದಾರ ಬಿಟ್ಟು, ಸುತ್ತಲಿನ ಹುಡಿಯನ್ನೆಲ್ಲ ಸೆಳೆದು ಉಂಡೆ ಕಟ್ಟುತ್ತದೆ, ಅಷ್ಟೆ. ಕರುಳಿನ ಒಳಗೋಡೆಗೆ ಲೋಳೆಯ ತೆಳುವಾದ ಹೊದಿಕೆ ಇರುತ್ತದೆ. ಪ್ಲಾಸ್ಟಿಕ್ಕಿನ ಹುಡಿ ಆ ಹೊದಿಕೆಯಲ್ಲಿ ಮುಳ್ಳಿನಂತೆ ಕಚ್ಚಿಕೊಂಡು, ಗೋಡೆಗೆ ಸದಾ ಸಣ್ಣ ಉರಿ ಹಚ್ಚಿಡುತ್ತದೆ. ಮಿದುಳಿಗೆ ಸುದ್ದಿ ಮುಟ್ಟಿಸುವ ಜೀವಕೋಶಗಳು ಆ ಉರಿಯಲ್ಲಿ ದಣಿದು 'ಹೊಟ್ಟೆ ತುಂಬಿದೆ' ಎಂಬ ಒಂದೇ ಸುದ್ದಿಯನ್ನು ಹಗಲೂ ರಾತ್ರಿ ಕಳಿಸುತ್ತವೆ. ಹುಡಿಯನ್ನು ಉಂಡೆ ಕಟ್ಟಿಸಿ ಹೊರಗೆ ಸಾಗಿಸಿದರೆ ಆ ಜೀವಕೋಶಗಳು ಚೇತರಿಸಿಕೊಂಡಾವೇ? ಇಂದುಮತಿಯ ಪ್ರಶ್ನೆ ಇದಾಗಿತ್ತು. ಪ್ರಾಣಿಗಳಲ್ಲಿ ಪರೀಕ್ಷೆಯಾಗಿ, ಅನುಮತಿ ಬಂದು, ಕೊನೆಗೆ ಆ ಬ್ಯಾಕ್ಟೀರಿಯ ಮಜ್ಜಿಗೆಯಾಗಿ ಮೂವತ್ತು ಮಂದಿ ನೇಕಾರರ ಲೋಟಕ್ಕೆ ಇಳಿದಿತ್ತು. ಮಹಾಂತೇಶನಿಗೆ ಮಾತ್ರ ಇಲ್ಲ. ವಿಜ್ಞಾನಿಯ ಗಂಡ ಪ್ರಯೋಗದಲ್ಲಿರಬಾರದು ಎನ್ನುವುದು ನಿಯಮ.

ಮೊದಮೊದಲು ಎಲ್ಲ ಸಲೀಸಾಗಿತ್ತು. ತೊಂದರೆ ಶುರುವಾದದ್ದು ಚನಮಲ್ಲಪ್ಪನಿಂದ.

ಚನಮಲ್ಲಪ್ಪ ಹಳೆಯ ನೇಕಾರ, ಐವತ್ತರ ಹತ್ತಿರದ ಗಟ್ಟಿ ಆಳು. ಶೆಡ್ಡಿನಿಂದ ನೇರವಾಗಿ ಕೇಂದ್ರಕ್ಕೆ ಬಂದು, ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತ.

"ಅಕ್ಕಾರ, ನಿಮ್ಮ ಮಜ್ಜಿಗಿ ನನ್ನ ಕೊಲ್ಲತೈತಿ ನೋಡ್ರಿ. ಒಳಗ ಯಾರೋ ಕೂತು ಕೆರದಂಗ ಆಗತೈತಿ. ಗುಡುಗುಡು ಅಂತೈತಿ. ತೆಲಿ ತಿರಗತೈತಿ, ಕೈ ನಡಗತೈತಿ."

"ಯಾವಾಗ ಆಗತೈತಿ ಕಾಕಾ?"

"ಹೊತ್ತಿಲ್ಲ ಗೊತ್ತಿಲ್ಲ. ನಿನ್ನೆ ಸುಮ್ಮಸುಮ್ಮನ ನನ್ನ ತಮ್ಮಗ ಬೈದೇನಿ. ಯಾಕ ಬೈದೆ ಅಂತ ನನಗ ತಿಳೀವಲ್ದು."

ಇಂದುಮತಿಗೆ ಗಾಬರಿಯಾಯಿತು. ಹೊಟ್ಟೆ ಕೆಟ್ಟವರಿಗೆ ಯಾರಾದರೂ ಹೇಳುವುದನ್ನೇ ಹೇಳಿದಳು: "ಎರಡು ದಿನ ಹೊಟ್ಟಿಗೆ ವಿಶ್ರಾಂತಿ ಕೊಡ್ರಿ. ತೆಳ್ಳಗಿನ ಗಂಜಿ ಬಿಟ್ಟು ಏನೂ ಬ್ಯಾಡ."

ಎರಡು ದಿನ ಬಿಟ್ಟು ಬಂದ ಚನಮಲ್ಲಪ್ಪನ ಕಣ್ಣು ಗುಳಿಬಿದ್ದಿದ್ದವು. ಅವನ ಹಿಂದೆ ಇನ್ನೂ ಹತ್ತು ಹದಿನೈದು ಜನ. ಎಲ್ಲರದ್ದೂ ಅದೇ ದೂರು. ರುದ್ರವ್ವ ಎಂಬ ನೇಕಾರ ಹೆಂಗಸು ಎಂದೂ ದನಿ ಎತ್ತದವಳು. ಅವಳು ಶೆಡ್ಡಿನ ಮಾಲೀಕನಿಗೇ ತಿರುಗಿ ಬಿದ್ದಿದ್ದಳಂತೆ. ಊರಲ್ಲಿ ಗುಸುಗುಸು ಎದ್ದಿತು. ಗಟಾರದ ಹುಳ ಕುಡಿಸಿದ್ದಾರೆ ಎಂದರು ಕೆಲವರು.

ಸುದ್ದಿ ಧಾರವಾಡಕ್ಕೆ ಮುಟ್ಟಿತು. ಸುರಕ್ಷತಾ ಸಮಿತಿಯ ಅಧ್ಯಕ್ಷೆ ಡಾ. ವನಮಾಲಾ ದೀಕ್ಷಿತ ಪರದೆಯ ಮೇಲೆ ಕಾಣಿಸಿಕೊಂಡರು. ದೊಡ್ಡ ದನಿಯಲ್ಲಿ ಮಾತಾಡಿದವರಲ್ಲ, ಆದರೆ ಅವರು ಆಡಿದ ಮಾತು ಹಿಂದೆ ಹೋದದ್ದೂ ಇಲ್ಲ.

"ಇಂದುಮತಿ, ಜನಕ್ಕ ನೋವಾಗ್ಲಿಕ್ಕತ್ತದ. ಹೊಸಬರಿಗೆ ಮಜ್ಜಿಗಿ ನಿಲ್ಲಸ್ರಿ. ಮುಂದಿನ ತಿಂಗಳ ಸಭಾ ಬರೂದ್ರಾಗ ಕಾರಣ ಏನು ಅಂತ ನನಗ ತೋರಸಬೇಕು. ಆಗಲಿಲ್ಲಂದ್ರ ಎಲ್ಲಾರಿಗೂ ಔಷಧ ಕೊಟ್ಟು ಆ ಬ್ಯಾಕ್ಟೀರಿಯಾ ಕೊಂದು, ನಿಮ್ಮ ಹತ್ರ ಇದ್ದ ತಳೀನೂ ನಾಶ ಮಾಡಬೇಕಾಗ್ತದ."

"ಆಗಲಿ ಮೇಡಂ," ಎಂದಳು ಇಂದುಮತಿ.

ಅವಳು ಕೆಲಸಕ್ಕಿಳಿದಳು. ದೂರು ತಂದವರಿಗೆಲ್ಲ ಕ್ಯಾಮೆರಾ ಗುಳಿಗೆ ನುಂಗಿಸಿ ಕರುಳಿನ ಒಳಗನ್ನು ಪರದೆಯ ಮೇಲೆ ನೋಡಿದಳು. ನೋಡಿ ಬೆರಗಾದಳು. ಕೆಂಪಗೆ ಊದಿಕೊಂಡಿದ್ದ ಗೋಡೆಗಳು ಎಳೆಗೂಸಿನ ಅಂಗೈಯಂತೆ ತಿಳಿಗುಲಾಬಿಯಾಗಿದ್ದವು. ಒಂದು ಹುಣ್ಣಿಲ್ಲ, ಒಂದು ಗೀರಿಲ್ಲ. ರಕ್ತದ ಸಕ್ಕರೆ ಇಳಿದಿತ್ತು, ಯಕೃತ್ತಿನ ಕೊಬ್ಬು ಕರಗತೊಡಗಿತ್ತು. ದೇಹ ಒಲೆ ಹೊತ್ತಿಸಿಕೊಂಡಂತೆ ಮೊದಲಿಗಿಂತ ಹೆಚ್ಚು ಶಕ್ತಿ ಉರಿಸುತ್ತಿತ್ತು. ಎಲ್ಲವೂ ಚೆನ್ನ, ನೋವೊಂದು ಬಿಟ್ಟು.

ಆಮೇಲೆ ರಕ್ತದಲ್ಲಿ ಗ್ರೆಲಿನ್ ಎಂಬ ರಸ ಏರಿರುವುದು ಕಂಡಿತು. ಹೊಟ್ಟೆ ಖಾಲಿಯಾದಾಗ ಜಠರ ಅದನ್ನು ಸುರಿಸುತ್ತದೆ, ಉಂಡ ಮೇಲೆ ಇಳಿಯುತ್ತದೆ ಎಂದು ಅವಳು ಪುಸ್ತಕದಲ್ಲಿ ಓದಿದ್ದಳು. ಇದು ಹಸಿವೇ ಇರಬಹುದೇ ಎಂಬ ಅನುಮಾನ ಆಗಲೇ ಹುಟ್ಟಿದ್ದು. ಆದರೆ ನಂಬುವುದು ಕಷ್ಟವಾಯಿತು. ಹಸಿವು ಅಂದರೆ ಹಾಡು ಕೇಳಬೇಕು ಅನ್ನಿಸುವ ಹಾಗೆ ಒಂದು ಹಿತವಾದ ಆಸೆ ಎಂದೇ ಅವಳು ತಿಳಿದಿದ್ದಳು. ಇವರು ನೋಡಿದರೆ ಕೆರೆತ, ನಡುಕ, ಸಿಟ್ಟು ಅನ್ನುತ್ತಿದ್ದಾರೆ. ಅಂಥದ್ದನ್ನು ಹಿಂದಿನವರು ದಿನಕ್ಕೆ ಮೂರು ಸಲ ಹೇಗೆ ಸಹಿಸಿಕೊಂಡಿದ್ದರು?

ಸಂಜೆ ಅತ್ತೆಯನ್ನು ಕೇಳಿದಳು. "ಅತ್ತೀ, ಹಸಿವಾದ್ರ ಹ್ಯಾಂಗ ಇರತಿತ್ರಿ?"

ದುಂಡವ್ವ ಬಹಳ ಹೊತ್ತು ಯೋಚಿಸಿದಳು. "ನೆನಪ ಹಾರೈತಿ ನೋಡವಾ. ಉಂಡದ್ದು ನೆನಪೈತಿ. ಹಸದದ್ದು ಹ್ಯಾಂಗ ನೆನಪಿರತೈತಿ?" ಸ್ವಲ್ಪ ಬಿಟ್ಟು ನಕ್ಕಳು. "ನಿಮ್ಮ ಮಾವ ಮಾತ್ರ ಉಣ್ಣೂಮಟ ಹುಲಿ ಆಗಿರತಿದ್ರು. ಉಂಡಮ್ಯಾಲ ಹಸುಗೂಸು."

ಅದರಿಂದ ಏನನ್ನೂ ಸಾಬೀತು ಮಾಡುವಂತಿರಲಿಲ್ಲ. ಮರುದಿನ ಇಂದುಮತಿ ಧಾರವಾಡಕ್ಕೆ ಫೋನ್ ಮಾಡಿ ತನ್ನನ್ನೂ ಪ್ರಯೋಗಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದಳು.

"ಹೊಸಬರಿಗೆ ಬ್ಯಾಡ ಅಂದೇನಿ," ಎಂದರು ದೀಕ್ಷಿತ.

"ಜನ ನೋವು ಅಂತಾರ, ನನಗ ಅದು ಏನಂತನ ಗೊತ್ತಿಲ್ಲ ಮೇಡಂ. ಗೊತ್ತಿಲ್ಲದ್ದನ್ನ ಹ್ಯಾಂಗ ಹುಡುಕಲಿ?"

ದೀಕ್ಷಿತ ಕೊನೆಗೆ ಒಪ್ಪಿದರು. "ನಿಮ್ಮ ಲೆಕ್ಕ ಬ್ಯಾರೆ ಇಡ್ರಿ. ಪರೀಕ್ಷಾ ಬ್ಯಾರೆಯವರು ಮಾಡ್ಲಿ," ಎಂದು ಫೋನ್ ಇಟ್ಟರು.

ಇಂದುಮತಿ ಮಜ್ಜಿಗೆ ಕುಡಿದಳು. ಒಂದು ವಾರ ಏನೂ ಆಗಲಿಲ್ಲ, ಎರಡನೆಯ ವಾರವೂ ಇಲ್ಲ. ಸಭೆ ಹತ್ತಿರ ಬರುತ್ತಿತ್ತು. ಒಂದು ದಿನ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅವಳು ರುದ್ರವ್ವನನ್ನು ನೋಡಲೆಂದು ನೇಕಾರರ ಓಣಿಯಲ್ಲಿ ನಡೆದು ಹೊರಟಿದ್ದಳು. ಒಂದು ಮನೆಯ ಬಾಗಿಲಲ್ಲಿ ಯಾರೋ ಹಿಂಡಿ ಎಂಬ ಚಟ್ನಿಪುಡಿ ಕುಟ್ಟಲು ಶೇಂಗಾ ಹುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಂದುಮತಿಯ ಬಾಯಿತುಂಬ ನೀರೂರಿತು. ಹೊಟ್ಟೆ ಗುರ್ ಅಂದಿತು. ಅವಳು ಬೆಚ್ಚಿ ಹಿಂದೆ ತಿರುಗಿ ನೋಡಿದಳು, ನಾಯಿ ಇರಬೇಕೆಂದು. ಯಾವ ನಾಯಿಯೂ ಇರಲಿಲ್ಲ.

ಒಳಗಿನಿಂದ ಎಳೆದಂತಾಯಿತು. ನೋವೇ ಹೌದು, ಆದರೆ ಗಾಯದ ನೋವಲ್ಲ. ಎಲ್ಲಿಗೋ ನಡೆ ಎಂದು ಕೈಹಿಡಿದು ಜಗ್ಗುವ ನೋವು. ಊಟದ ಗಡಿಯಾರ ಕೂಗಲು ಇನ್ನೂ ಎರಡು ಗಂಟೆ ಇತ್ತು. ರುದ್ರವ್ವನ ಮನೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಇಂದುಮತಿಯ ಕಾಲುಗಳು ಹಿಂದಕ್ಕೆ ತಿರುಗಿದವು. ಬರಬರ ನಡೆದು ಮನೆ ಸೇರಿದಳು. ಚಪ್ಪಲಿ ಬಿಟ್ಟದ್ದೆಲ್ಲೋ, ಚೀಲ ಒಗೆದದ್ದೆಲ್ಲೋ.

"ಅತ್ತೀ, ರೊಟ್ಟಿ ಐತೇನು?"

ದುಂಡವ್ವ ಬುಟ್ಟಿ ತೆಗೆದಳು. ಇಂದುಮತಿ ನಿಂತೇ ಮುರಿದಳು. ಮೊದಲನೆಯ ರೊಟ್ಟಿ ಹೋದದ್ದು ತಿಳಿಯಲಿಲ್ಲ. ಎರಡನೆಯದಕ್ಕೆ ಎಣ್ಣೆಗಾಯಿ ಬೇಕೆನಿಸಿತು, ಮೂರನೆಯದಕ್ಕೆ ಮೊಸರು. ಖಾರ ನಾಲಿಗೆಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಕೊನೆಗೆ ಒಳಗಿನಿಂದ ಯಾರೋ ಬೆನ್ನು ಸವರಿದ ಹಾಗೆ ಆ ಎಳೆತ ನಿಂತುಹೋಯಿತು. ಮೈಯೆಲ್ಲ ಬೆಚ್ಚಗಾಯಿತು. ನೋವು ಹೋದ ಮೇಲೆ ಉಳಿದ ಆ ಹಿತ ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಅತ್ತೀ," ಎಂದಳು ಬಾಯಲ್ಲಿ ತುತ್ತಿಟ್ಟುಕೊಂಡೇ, "ಬದನೀಕಾಯಿಗೆ ಒಂಚೂರು ಉಪ್ಪು ಕಮ್ಮಿ ಆಗೈತಿ."

ದುಂಡವ್ವ ಅವಳನ್ನೇ ನೋಡಿದಳು. ಆಮೇಲೆ ಉಪ್ಪಿನ ಡಬ್ಬಿ ತಂದು ಪಕ್ಕದಲ್ಲಿಟ್ಟು, ಸೊಸೆಯ ಎದುರು ನೆಲದ ಮೇಲೆ ಕುಳಿತುಬಿಟ್ಟಳು.

ಈಗ ಇಂದುಮತಿಗೆ ತನ್ನ ತಪ್ಪು ಹೊಳೆಯಿತು. ಹಸಿದವರಿಗೆ ಅವಳು ಉಪವಾಸ ಹೇಳಿದ್ದಳು. ಗಡಿಯಾರ ಹಳೆಯ ಮಂದ ದೇಹಕ್ಕೆ ತಕ್ಕಂತೆ ಊಟ ಅಳೆಯುತ್ತಿತ್ತು. ಚುರುಕಾದ ದೇಹಕ್ಕೆ ಅದು ಸಾಲುತ್ತಿರಲಿಲ್ಲ. ಗಡಿಯಾರ ಕೂಗದೆ ಉಣ್ಣಬಹುದು ಎಂದು ಆ ಮೂವತ್ತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆದರೆ ದೀಕ್ಷಿತ ಒಪ್ಪಬೇಕಲ್ಲ. ಸಭೆಗೆ ಅವರು ಬನಹಟ್ಟಿಗೇ ಬಂದರು. ಇಂದುಮತಿ ಹೇಳಿದ್ದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟು ಅಂದರು: "ಕರುಳಿನ ಹುಣ್ಣಿನ ನೋವೂ ಉಂಡ್ರ ಕಡಿಮಿ ಆಗ್ತದ. ಕ್ಯಾಮೆರಾಕ್ಕ ಕಾಣಲಾರದ ಹುಣ್ಣು ಇರಬಹುದು. ಇದು ಹಸಿವ ಅಂತ ಹ್ಯಾಂಗ ಹೇಳ್ತೀರಿ?"

"ಅರ್ಧ ಮಂದಿಗೆ ಹುಣ್ಣಿನ ಔಷಧ ಕೊಡೂಣ್ರಿ. ಅರ್ಧ ಮಂದಿಗೆ ರೊಟ್ಟಿ. ಹುಣ್ಣಿದ್ರ ಔಷಧಕ್ಕ ನೋವು ನಿಂದ್ರಬೇಕು."

ಮರುದಿನ ಮೂವತ್ತು ಜನರೂ ಬೆಳಗಿನಿಂದ ಏನೂ ತಿನ್ನದೆ ಕೇಂದ್ರದ ಸಭಾಂಗಣದಲ್ಲಿ ಬಂದು ಕುಳಿತರು. ತೋಳಿಗೆ ಅಂಟಿಸಿದ ಸಣ್ಣ ಬಿಲ್ಲೆಗಳು ಅವರವರ ಗ್ರೆಲಿನ್ ಅಳೆದು ಗೋಡೆಯ ಪರದೆಯ ಮೇಲೆ ಗೆರೆ ಎಳೆಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಗೆರೆಗಳೆಲ್ಲ ಗುಡ್ಡ ಹತ್ತಿದ್ದವು, ಸಭಾಂಗಣದಲ್ಲಿ ಎಲ್ಲರ ಮುಖ ಬಿಗಿದಿತ್ತು. ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಚನಮಲ್ಲಪ್ಪನ ಪಾಲಿಗೆ ಔಷಧ ಬಂತು. ಅಷ್ಟರಲ್ಲಿ ದುಂಡವ್ವ ಓಣಿಯ ಹೆಂಗಸರ ಜೊತೆ ಬುಟ್ಟಿಗಳನ್ನು ಹೊರಿಸಿಕೊಂಡು ಬಂದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಹಿಂಡಿ, ಗಟ್ಟಿ ಮೊಸರು. ಸಭಾಂಗಣದ ತುಂಬ ವಾಸನೆ ಹರಡಿತು.

ರೊಟ್ಟಿಯ ಗುಂಪು ತಟ್ಟೆಯ ಮೇಲೆ ಬಾಗಿತು. ಔಷಧದ ಗುಂಪು ಬಿಳಿಯ ಸಿರಪ್ಪು ಕುಡಿದು ಆ ತಟ್ಟೆಗಳನ್ನೇ ನೋಡುತ್ತ ಕುಳಿತಿತು.

"ಅಕ್ಕಾರ, ನನ್ನ ಆ ಕಡಿಗೆ ಹಾಕ್ರಿ," ಎಂದ ಚನಮಲ್ಲಪ್ಪ.

"ಚೀಟಿ ಬಿದ್ದೈತಿ ಕಾಕಾ. ಒಂದೀಟು ತಡೀರಿ."

"ನನಗೇನೂ ಹುಣ್ಣಿಲ್ಲ ಅಂತ ಬರದು ಕೊಡತೇನ್ರಿ."

ರುದ್ರವ್ವ ಎರಡನೆಯ ರೊಟ್ಟಿ ಮುರಿಯುತ್ತ ಅವನ ಕಡೆ ನೋಡಿ, ಸೆರಗಿನ ಮರೆಯಲ್ಲಿ ನಕ್ಕಳು. "ಔಷಧಾ ಹ್ಯಾಂಗಿತ್ತ ಅಣ್ಣಾ?" ಎಂದು ಬೇರೆ ಕೇಳಿದಳು. ಚನಮಲ್ಲಪ್ಪ ಮುಖ ತಿರುಗಿಸಿ ಗೋಡೆ ನೋಡಿದ. ಗೋಡೆಯ ಮೇಲೆ ಪರದೆ ಇತ್ತು. ಉಂಡವರ ಗೆರೆಗಳು ಒಂದೊಂದಾಗಿ ಇಳಿಯತೊಡಗಿದ್ದವು. ಅವರ ಹುಬ್ಬು ಸಡಿಲಾದವು, ಮಾತು ಶುರುವಾಯಿತು, ಯಾರೋ ಮಗ್ಗದ ಜೋಕು ಹೇಳಿದರು. ಔಷಧ ಕುಡಿದವರ ಗೆರೆಗಳು ಇಳಿಯುವುದಿರಲಿ, ರೊಟ್ಟಿಯ ವಾಸನೆಗೆ ಇನ್ನಷ್ಟು ಮೇಲಕ್ಕೆ ಹೋಗಿದ್ದವು. ಎಲ್ಲಕ್ಕಿಂತ ಎತ್ತರದ್ದು ಚನಮಲ್ಲಪ್ಪನದೇ.

ದೀಕ್ಷಿತ ಆ ಗೆರೆಯನ್ನೂ ಅವನ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಅವರ ತುಟಿ ಸ್ವಲ್ಪ ಅಲುಗಿತು.

"ಆತು," ಎಂದರು. "ಆ ಮನುಷ್ಯಾಗ ಮೊದಲ ಊಟಕ್ಕ ಹಾಕ್ರಿ. ಉಳಿದದ್ದು ಆಮ್ಯಾಲೆ ಮಾತಾಡೋಣ."

ಚನಮಲ್ಲಪ್ಪ ಎಷ್ಟು ತಿಂದ ಎಂದು ಯಾರೂ ಎಣಿಸಲಿಲ್ಲ. ಅವನ ಗೆರೆ ಬೆಟ್ಟದಿಂದ ಜಾರಿ ನೆಲ ಮುಟ್ಟಿದಾಗ ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಪ್ರಯೋಗ ಮುಂದುವರಿಯಲು ಸಮಿತಿ ಒಪ್ಪಿತು. ವರ್ಷಗಟ್ಟಲೆ ಎಲ್ಲರನ್ನೂ ಗಮನಿಸುತ್ತಿರಬೇಕು, ಮಜ್ಜಿಗೆ ಕುಡಿಯುವವರಿಗೆ ಹಸಿವು ಎಂದರೇನೆಂದು ಮೊದಲೇ ಹೇಳಿಕೊಡಬೇಕು ಎಂಬ ಷರತ್ತು ಹಾಕಿತು. ಕಾಲಕ್ರಮದಲ್ಲಿ ಮಜ್ಜಿಗೆ ಊರಿಗೆಲ್ಲ ಸಿಕ್ಕಿತು. ಹುಡಿ ಗಾಳಿಯಲ್ಲಿ ಇದ್ದೇ ಇತ್ತು, ಹೊಟ್ಟೆ ಸೇರುತ್ತಲೇ ಇತ್ತು. ಹಾಗಾಗಿ ಮಜ್ಜಿಗೆಯನ್ನು ಬಿಡುವಂತಿರಲಿಲ್ಲ. ಇಂದುಮತಿ ಶೆಡ್ಡುಗಳಿಗೆ ಗಾಳಿ ಸೋಸುವ ಯಂತ್ರ ಹಾಕಿಸಲು ಮಾಲೀಕರ ಬೆನ್ನು ಬಿದ್ದಳು. ಮಾಲೀಕರಿಗೂ ಹಸಿವಾಗತೊಡಗಿದ ಮೇಲೆ ಆ ಮಾತು ಸ್ವಲ್ಪ ಬೇಗ ಕಿವಿಗೆ ಬಿತ್ತು.

ಊರು ಹೊಸ ಹೊಟ್ಟೆಗೆ ಹೊಂದಿಕೊಳ್ಳಲು ಒದ್ದಾಡಿತು. ಊಟಕ್ಕೆ ಮೊದಲು ಜಗಳ, ಉಂಡ ಮೇಲೆ ರಾಜಿ. ಶಾಲೆಯಲ್ಲಿ ಮೂರನೆಯ ಪಿರಿಯಡ್ಡಿಗೇ ಮಕ್ಕಳು ಬುತ್ತಿ ಬಿಚ್ಚುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ, ಚುರುಮುರಿ ಗಿರಮಿಟ್ಟಿನ ಗಾಡಿಗಳು ಸಾಲುಗಟ್ಟಿದವು. ಆ ಗಾಡಿಯವರಿಗೆ ತಮ್ಮ ಮಿರ್ಚಿಯನ್ನು ತಾವೇ ತಿನ್ನದೆ ಉಳಿಸುವುದೇ ದೊಡ್ಡ ಕೆಲಸವಾಗಿತ್ತು.

ಎಲ್ಲವೂ ನಗುವ ಮಾತಾಗಿರಲಿಲ್ಲ. ಒಂದು ಮಧ್ಯಾಹ್ನ ರುದ್ರವ್ವ ಕೇಂದ್ರಕ್ಕೆ ಬಂದು ಇಂದುಮತಿಯ ಹತ್ತಿರ ಕುಳಿತಳು.

"ಅಕ್ಕಾರ, ಒಂದು ಮಾತು. ಮೊದಲ ಮನ್ಯಾಗ ಹಿಟ್ಟಿಲ್ಲದಿದ್ರೂ ಹೊಟ್ಟಿ ಸುಮ್ಮ ಇರತಿತ್ತು. ಒಂದಿನ ತಪ್ಪಿದ್ರೂ ತಿಳೀತಿರಲಿಲ್ಲ. ಈಗ ಅದು ಕೇಳತೈತಿ. ನಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಕೊಡಾಕ ಇಲ್ರಿ."

ಹಸಿವನ್ನು ಮರಳಿ ತಂದ ಇಂದುಮತಿ ಅನ್ನದ ವಿಚಾರ ಮಾಡಿರಲಿಲ್ಲ. ಮನೆಗೆ ಹೋಗಿ ಇದನ್ನು ಹೇಳಿದಾಗ ಮಹಾಂತೇಶ, "ಕೇಳೂ ಹೊಟ್ಟಿ ಚಲೋ. ಕೇಳಲಾರದ ಹೊಟ್ಟಿಗೆ ಯಾರೂ ಹಾಕೂದಿಲ್ಲ," ಎಂದ. ಮರುವಾರ ಅವನೂ ರುದ್ರವ್ವನೂ ಚನಮಲ್ಲಪ್ಪನೂ ಸೇರಿ ಪುರಸಭೆಗೆ ಹೋದರು. ಸದಸ್ಯರಿಗೂ ಆ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ವಾದ ಹೆಚ್ಚು ಬೇಕಾಗಲಿಲ್ಲ. ಕೇಂದ್ರದ ಅಂಗಳದಲ್ಲಿ ಅಡುಗೆಮನೆ ತೆರೆಯಿತು. ಯಾರು ಬಂದರೂ ತಟ್ಟೆ ಇಡುತ್ತಿದ್ದರು.

ಮಜ್ಜಿಗೆ ಊರಿಗೆಲ್ಲ ಸಿಕ್ಕಾಗ ಮಹಾಂತೇಶನೂ ಕುಡಿಯತೊಡಗಿದ್ದ. ಆದರೆ ಅವನ ಕರುಳಲ್ಲಿ ಹುಡಿ ಆಳಕ್ಕೆ ಇಳಿದಿತ್ತು. ಊರೆಲ್ಲ ಹಸಿದು ಉಂಡು ತೇಗುತ್ತಿದ್ದರೂ ಅವನಿಗೆ ಏನೂ ಆಗಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದ. ತಿಂಗಳುಗಳು ಹೋದವು. ಅವಳು ಕೇಳುವುದನ್ನು ಬಿಟ್ಟಳು.

ಒಂದು ಭಾನುವಾರ ಬೆಳಿಗ್ಗೆ ಇಂದುಮತಿ ಪಡಸಾಲೆಯಲ್ಲಿ ಕುಳಿತು ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ದುಂಡವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಹಾಂತೇಶ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ನಾಚಿದವನಂತೆ ಕೇಳಿದ:

"ಅವ್ವಾ, ಎಷ್ಟೊತ್ತು?"

"ಏನು ಎಷ್ಟೊತ್ತು?"

"ಅಡಿಗಿ. ಹೊಟ್ಟಿ ಹಸದೈತಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಇಂದುಮತಿಯ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೆಯೇ ಉಳಿಯಿತು. ಎತ್ತಿ ಆಡಿಸಿದ ಮಗ, ಗಡಿಯಾರ ನೋಡಿ ಹಾಲೂಡಿಸಿದ ಮಗ, ನಲವತ್ತೆರಡು ವರ್ಷದಲ್ಲಿ ಈ ಮಾತು ಆ ತಾಯಿಗೆ ಹೇಳಿದ್ದು ಅದೇ ಮೊದಲು.

"ಹಸದ್ರ ತಡಕೋ," ಎಂದಳು ದುಂಡವ್ವ. ದನಿ ಒರಟಾಗಿತ್ತು. "ಪಲ್ಲೆ ಇನ್ನೂ ಒಲಿಮ್ಯಾಲ ಐತಿ. ಹೊರಗ ಹೋಗಿ ಕುಂದರು, ಇಲ್ಲಿ ಅಡ್ಡ ನಿಂದ್ರಬ್ಯಾಡ."

ಅವನು ತಿರುಗಿದ. ಹೊಸ್ತಿಲು ದಾಟುವ ಮೊದಲೇ ಅವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ಕೈಯಲ್ಲೇ ಎತ್ತಿ, ಹಿಂಡಿ ಉದುರಿಸಿ, ಎಣ್ಣೆ ಸುರಿದು, ಮಡಚಿ, ಹಿಂದಿನಿಂದ ಅವನ ಅಂಗಿ ಹಿಡಿದು ನಿಲ್ಲಿಸಿದಳು.